ಹೊಸ ಬಸ್ಸಿಗೆ ಹಳೆಯ ಲಿವರಿ: ನಾವು ಮಾಡಿದ ಬಗೆ

ಕಂಪನಿಯ ವಾರ್ಷಿಕೋತ್ಸವಕ್ಕೆಂದು ಈಗ ಓಡುತ್ತಿರುವ ಬಸ್ಸೊಂದಕ್ಕೆ ಹಳೆಯ ಲಿವರಿ, ಅಂದರೆ ಕಂಪನಿಯ ಗುರುತಾದ ಬಣ್ಣ-ಪಟ್ಟಿ-ಅಕ್ಷರಗಳ ವಿನ್ಯಾಸ, ಹಾಕುವಾಗ ಬಣ್ಣ ಹೊಡೆಯುವುದು ಕೊನೆಗೆ ಬರುವ ಕೆಲಸ, ಸುಲಭದ ಕೆಲಸವೂ ಹೌದು. ಅದಕ್ಕೆ ಮುಂಚೆ ಎರಡು ವಿಷಯ ಇತ್ಯರ್ಥವಾಗಬೇಕು. ಆ ಬಣ್ಣ ನಿಜಕ್ಕೂ ಯಾವುದಾಗಿತ್ತು? ಹಳೆಯ ಬಾಡಿಯ ಗೆರೆಗಳೇ ಇಲ್ಲದ ಹೊಸ ಬಾಡಿಯ ಮೇಲೆ ಪಟ್ಟಿ ಎಲ್ಲಿ ಕೂರಬೇಕು? ಹೆಚ್ಚಿನ ಹೆರಿಟೇಜ್ ಬಸ್ಸುಗಳು ಸೋಲುವುದು ಈ ಎರಡನೆಯದರಲ್ಲಿ. ಬಣ್ಣ ಕರಾರುವಾಕ್ಕಾಗಿದ್ದರೂ ಬಸ್ಸು ವೇಷ ಹಾಕಿಕೊಂಡಂತೆ ಕಾಣುತ್ತದೆ.

ಈ ರೂಢಿ ಚೆನ್ನಾಗಿ ಬೇರೂರಿರುವುದು ಬ್ರಿಟನ್ನಿನಲ್ಲಿ. ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ಬೆಳ್ಳಿಹಬ್ಬಕ್ಕೆ 1977ರಲ್ಲಿ ಲಂಡನ್ನಿನ 25 ಡಬಲ್ ಡೆಕ್ಕರ್ ರೂಟ್‌ಮಾಸ್ಟರ್‌ಗಳು ಬೆಳ್ಳಿಬಣ್ಣದಲ್ಲಿ ಓಡಿದವು. ಜಾರ್ಜ್ ಶಿಲಿಬಿಯರ್ 1829ರಲ್ಲಿ ಶುರುಮಾಡಿದ ಕುದುರೆ ಬಸ್ಸಿಗೆ 150 ವರ್ಷವಾದಾಗ, ಅಂದರೆ 1979ರಲ್ಲಿ, ಆ ಬಸ್ಸಿನ ಹಸಿರು-ಹಳದಿಯನ್ನು ರೂಟ್‌ಮಾಸ್ಟರ್‌ಗಳ ಮೇಲೆ ತಂದರು. ಮೊದಲನೆಯದು ಸಂಭ್ರಮದ ಬಣ್ಣ, ಎರಡನೆಯದು ನೆನಪು ಮಾಡಿಕೊಡುವ ಬಣ್ಣ. ಕಂಪನಿಯ ಬಸ್ಸುಗಳ ಮೇಲೆ ಒಂದು ಕಾಲದಲ್ಲಿ ಇದ್ದದ್ದನ್ನೇ ಮರಳಿ ತರುವುದು ಮೂರನೆಯ ಬಗೆ. ನಾವು ಕೈಹಾಕಿದ್ದು ಇದಕ್ಕೆ, ಕೆಂಪು-ಕೆನೆಬಣ್ಣದ ಲಿವರಿಯೊಂದಕ್ಕೆ. ಯಾವ ಬಗೆ, ಯಾವ ವರ್ಷದ ಲಿವರಿ ಎಂಬುದನ್ನು ಕಂಪನಿಯೊಂದಿಗೆ ಮೊದಲೇ ಬರಹದಲ್ಲಿ ಮುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಕೊನೆಯ ವಾರದಲ್ಲಿ ಮಾರ್ಕೆಟಿಂಗ್‌ನವರು ವೆಬ್‌ಸೈಟ್ ವಿಳಾಸ ಹಿಡಿದುಕೊಂಡು ಬರುತ್ತಾರೆ, ಅದು ಕೂರುವುದು ಸರಿಯಾಗಿ ಪಟ್ಟಿಯ ಮೇಲೆಯೇ. ವರ್ಷ ಗೊತ್ತುಮಾಡಿಕೊಳ್ಳುವುದೂ ಸಣ್ಣ ಮಾತಲ್ಲ. ಬ್ರಿಟನ್ನಿನ ನ್ಯಾಷನಲ್ ಬಸ್ ಕಂಪನಿ 1972ರಿಂದ ತನ್ನ ಬಹುಪಾಲು ಅಂಗಸಂಸ್ಥೆಗಳಿಗೆ ಪಾಪಿ ರೆಡ್ ಇಲ್ಲವೇ ಲೀಫ್ ಗ್ರೀನ್ ತಂದಿತು. ಊರೂರಿನ ಕಂಪನಿಗಳಿಗೆ ತಮ್ಮದೇ ಆದ ಛಾಯೆ ಇದ್ದದ್ದು ಅದಕ್ಕೂ ಹಿಂದೆ. ಕೇವಲ ‘ಹಳೆಯ ಕೆಂಪು’ ಎಂದರೆ ಯಾವ ಕೆಂಪು ಎಂಬ ಜಗಳ ಅಲ್ಲೇ ಶುರುವಾಗುತ್ತದೆ.

ಬಣ್ಣದ ಸಾಕ್ಷಿಯಾಗಿ ಫೋಟೋ ನಂಬಬೇಡಿ. ಹಳೆಯ ಕಲರ್ ಸ್ಲೈಡುಗಳಲ್ಲಿ ಮೂರು ಪದರದ ಬಣ್ಣ ಮೂರು ವೇಗದಲ್ಲಿ ಮಾಸುತ್ತದೆ. ಹಸಿರು ಬಸ್ಸು ಕಂದಾಗುತ್ತದೆ, ಕೆನೆಬಣ್ಣ ಗುಲಾಬಿಗೆ ತಿರುಗುತ್ತದೆ. ಕಪ್ಪು-ಬಿಳುಪಿನದು ಇನ್ನೂ ಮೋಸ. ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ಹಾಗಾಗಿ ಕೆಂಪು ಬಸ್ಸು ಕಪ್ಪಾಗಿಯೂ ನೀಲಿ ಬಸ್ಸು ಬೆಳ್ಳಗೂ ಬೀಳುತ್ತದೆ. ಫೋಟೋದಿಂದ ತೆಗೆದುಕೊಳ್ಳಬೇಕಾದ್ದು ಗೆರೆಗಳ ಜಾಗ, ಅಕ್ಷರದ ಆಕಾರ, ಅಷ್ಟೆ.

ನಿಜವಾದ ಬಣ್ಣ ಸಿಗುವುದು ಹಳೆಯ ಪ್ಯಾನೆಲ್‌ನಲ್ಲಿ. ಬಿಸಿಲು ತಾಗದ ಜಾಗ ಹುಡುಕಿ: ನಂಬರ್ ಪ್ಲೇಟಿನ ಹಿಂದೆ, ಬೀಡಿಂಗ್ (ಪ್ಯಾನೆಲ್ ಮೇಲೆ ಉದ್ದಕ್ಕೆ ಹೋಗುವ ಉಬ್ಬು ಪಟ್ಟಿ) ಅಡಿ, ಬಾಗಿಲಿನ ಹಿಂಜಿನ ಒಳಮೈ. ಅಲ್ಲಿ 400ರ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳುಕಾಗದ, ಅಂಕಿ ಹೆಚ್ಚಿದಷ್ಟೂ ನಯ) ಶುರುಮಾಡಿ 800, 1200ಕ್ಕೆ ಬಂದು, ನೀರು ಹಾಕಿ ಸುತ್ತಾಕಾರದಲ್ಲಿ ನಿಧಾನವಾಗಿ ಉಜ್ಜಿದರೆ ಪದರಗಳು ಒಂದರೊಳಗೊಂದು ಬಳೆಯಂತೆ ತೆರೆದುಕೊಳ್ಳುತ್ತವೆ. ಒಳಗಿನದು ಅಲ್ಯುಮಿನಿಯಂ, ಅದರಾಚೆ ಪ್ರೈಮರ್, ಅಂಡರ್‌ಕೋಟ್, ಆಮೇಲೆ ಬಣ್ಣ, ಮತ್ತೆ ಅಂಡರ್‌ಕೋಟ್, ಮತ್ತೆ ಬಣ್ಣ. ಬೂದು ಅಥವಾ ಮಂಕು ಗುಲಾಬಿಯ ತೆಳು ಬಳೆ ಕಂಡರೆ ಅದು ಅಂಡರ್‌ಕೋಟ್. ಅದನ್ನು ಲಿವರಿಯ ಬಣ್ಣವೆಂದು ಬರೆದುಕೊಳ್ಳಬೇಡಿ. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನ ಬಾಯಿ ಸಾಮಾನ್ಯವಾಗಿ 8ರಿಂದ 12 ಮಿ.ಮೀ. ಇರುತ್ತದೆ. ಆದ್ದರಿಂದ ಬೇಕಾದ ಬಳೆ ಕನಿಷ್ಠ 15 ಮಿ.ಮೀ. ಅಗಲ ಬರುವಷ್ಟು ಇಳಿಜಾರಾಗಿ ಉಜ್ಜಬೇಕು. ಅಳೆಯುವ ಮುಂಚೆ ಪಾಲಿಶ್ ಹಾಕಿ ಹೊಳಪು ತಂದುಕೊಳ್ಳದಿದ್ದರೆ ಉಜ್ಜಿದ ಮೈಯ ಮಂಕು ಸೇರಿ ಬಣ್ಣ ತಿಳಿಯಾಗಿ ದಾಖಲಾಗುತ್ತದೆ.

ಇನ್ನೊಂದು ತೊಡಕು ವಾರ್ನಿಶ್. ಹಳೆಯ ಕಾಲದಲ್ಲಿ ಬಣ್ಣದ ಮೇಲೆ ವಾರ್ನಿಶ್ ಎಳೆಯುತ್ತಿದ್ದರು, ಅದು ವರ್ಷ ಕಳೆದಂತೆ ಹಳದಿಯಾಗುತ್ತದೆ. ಅದರ ಮೇಲೆ ಅಳೆದ ಕೆನೆಬಣ್ಣ ಬೆಣ್ಣೆಬಣ್ಣವಾಗಿ ಬರುತ್ತದೆ. ಜನರ ನೆನಪಿನಲ್ಲಿರುವುದು ಆ ಬೆಣ್ಣೆಬಣ್ಣವೇ, ಆದರೂ ಪೇಂಟ್ ಶಾಪಿನಿಂದ ಹೊರಬಿದ್ದ ದಿನದ ಛಾಯೆಯೇ ಸರಿ ಎಂಬುದು ನಮ್ಮ ಪಕ್ಷ, ವಾರ್ನಿಶ್ ತೆಗೆದೇ ಅಳೆದೆವು. ಬಣ್ಣ ಕಲಸಿ ಕೊಟ್ಟ ಮಾದರಿಯನ್ನು ಹಗಲಿನ ನೆರಳಲ್ಲಿ, ಡಿಪೋದ ಎಲ್‌ಇಡಿ ಬೆಳಕಲ್ಲಿ, ಹಳದಿ ಬೀದಿದೀಪದಡಿ ಮೂರೂ ಕಡೆ ಹಿಡಿದು ನೋಡಿ. ಈಗಿನ ಪಿಗ್ಮೆಂಟುಗಳು ಹಳೆಯ ಸೀಸದ ಪಿಗ್ಮೆಂಟುಗಳಲ್ಲ. ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದುವುದಿಲ್ಲ. ಎರಡು ಬಣ್ಣಗಳ ಅಂತರದ ಅಳತೆಯಾದ ಡೆಲ್ಟಾ-ಇ 1ರ ಒಳಗಿದ್ದರೆ ಕಣ್ಣು ಹಿಡಿಯುವುದಿಲ್ಲ, 2ರವರೆಗೂ ನಡೆಯುತ್ತದೆ.

ಪಟ್ಟಿಯ ಅಗಲವನ್ನು ಫೋಟೋದಿಂದ ಅಳೆಯಲು ಟೈರೇ ಅಳತೆಗೋಲು. ಹಳೆಯ ಬಸ್ಸಿನ 10.00-20 ಅಳತೆಯ ಟೈರಿನ ಹೊರ ವ್ಯಾಸ ಸುಮಾರು 1,050 ಮಿ.ಮೀ. ಫೋಟೋ ಬಸ್ಸಿನ ಪಕ್ಕಕ್ಕೆ ನೇರವಾಗಿ, ದೂರದಿಂದ ತೆಗೆದದ್ದಾಗಿರಬೇಕು. ವೈಡ್ ಲೆನ್ಸಿನ ಚಿತ್ರದಲ್ಲಿ ತುದಿಗಳು ಹಿಗ್ಗಿರುತ್ತವೆ, ಅಂಥದ್ದು ಸಿಕ್ಕರೆ ಚಿತ್ರದ ನಡುಭಾಗ ಮಾತ್ರ ಬಳಸಿ. ಮತ್ತೆ ಹೊಸ ಬಸ್ಸಿನ ಫೋಟೋಗೆ ಅದೇ ಲೆಕ್ಕ ಹಾಕಬೇಡಿ: ಅಲ್ಲಿ 275/70 ಆರ್ 22.5 ಟೈರು, ವ್ಯಾಸ ಸುಮಾರು 957 ಮಿ.ಮೀ. ಮಾತ್ರ.

ಇಲ್ಲಿಂದ ಕಷ್ಟದ ಭಾಗ. ಹಳೆಯ ಬಾಡಿಯಲ್ಲಿ ಕಿಟಕಿಯ ಕೆಳಗೊಂದು, ಮೇಲೊಂದು ಉಬ್ಬು ಬೀಡಿಂಗ್ ಇರುತ್ತಿತ್ತು. ಎರಡು ಬಣ್ಣ ಸೇರುವುದು ಅದರ ಮೇಲೆ, ಹಾಗಾಗಿ ಪೇಂಟರ್ ಗೆರೆ ಹುಡುಕಬೇಕಾಗಿರಲಿಲ್ಲ. ಹೊಸ ಲೋ-ಫ್ಲೋರ್ ಬಸ್ಸಿನಲ್ಲಿ ಗಾಜನ್ನು ಅಂಟಿಸಿರುತ್ತಾರೆ, ಬೀಡಿಂಗ್ ಇಲ್ಲ, ಕಿಟಕಿಯ ಕೆಳಅಂಚು ಕೆಳಗಿಳಿದಿದೆ, ಚಾಲಕನ ಕಿಟಕಿ ಇನ್ನೂ ಇಳಿದಿದೆ, ಚಕ್ರದ ಕಮಾನು ಮೇಲಕ್ಕೆ ಬಂದಿದೆ. ಹಳೆಯ ಮಿಲಿಮೀಟರುಗಳನ್ನು ಹಾಗೇ ತಂದು ಹಾಕಿದರೆ ಪಟ್ಟಿ ಕಮಾನಿಗೆ ಬಂದು ಬಡಿಯುತ್ತದೆ. ಉಳಿಸಿಕೊಳ್ಳಬೇಕಾದ್ದು ಅನುಪಾತವನ್ನು. ಹಳೆಯ ಬಸ್ಸಿನಲ್ಲಿ ಕಿಟಕಿಯಿಂದ ಬಾಡಿಯ ತಳದ ಪ್ಯಾನೆಲ್ಲಾದ ಸ್ಕರ್ಟಿನವರೆಗೆ 1,000 ಮಿ.ಮೀ. ಇದ್ದು ಪಟ್ಟಿ 125 ಇದ್ದರೆ ಅದು ಎಂಟನೇ ಒಂದು ಪಾಲು. ಹೊಸದರಲ್ಲಿ ಆ ಜಾಗ 800 ಆಗಿದ್ದರೆ ಪಟ್ಟಿ 100. ಚಾಲಕನ ಕಿಟಕಿ ಇಳಿದಲ್ಲಿ ಪಟ್ಟಿಯೂ ಇಳಿಯಬಾರದು. ಗಾಜು ಅದನ್ನು ಕತ್ತರಿಸಿದರೆ ಕತ್ತರಿಸಲಿ, ಆಚೆ ಬದಿಯಲ್ಲಿ ಅದೇ ಎತ್ತರಕ್ಕೆ ಮತ್ತೆ ಶುರುವಾದರೆ ಕಣ್ಣು ಅದನ್ನು ಒಂದೇ ಗೆರೆಯಾಗಿ ಓದುತ್ತದೆ. ಮೂತಿಯಲ್ಲಿ ಹಳೆಯ ರೇಡಿಯೇಟರ್ ಜಾಲರಿ ಇದ್ದ ಜಾಗವೇ ಈಗಿಲ್ಲ. ಅದನ್ನು ಬಣ್ಣದಲ್ಲಿ ಬಿಡಿಸಲು ಹೋದವರ ಬಸ್ಸು ಆಟಿಕೆಯಾಗಿದೆ. ಮೂಲೆಯ ಪ್ಯಾನೆಲ್ ಸುತ್ತಿ ಬಂದು ಗಾಜಿನ ಅಂಚಿಗೆ ಪಟ್ಟಿ ನಿಲ್ಲಿಸುವುದೇ ಲೇಸು.

ಮೊದಲು ಹತ್ತನೇ ಒಂದು ಅಳತೆಯ ನಕ್ಷೆ, ಆಮೇಲೆ ಬಸ್ಸಿನ ಮೇಲೆಯೇ ಪೂರ್ಣ ಅಳತೆಯಲ್ಲಿ ಮಾಸ್ಕಿಂಗ್ ಟೇಪ್. 30 ಮೀಟರ್ ದೂರ ನಿಂತು ನೋಡಿ ಫೋಟೋ ತೆಗೆದು ತಿದ್ದಬೇಕು. ಟೇಪ್ ಎಳೆಯುವಾಗ ನೆಲದಿಂದ ಅಳೆಯಬಾರದು, ರಸಮಟ್ಟವನ್ನೂ ನಂಬಬಾರದು. ಏರ್ ಸಸ್ಪೆನ್ಷನ್ನಿನ ಬಸ್ಸು ನಿಂತಲ್ಲೇ ಗಾಳಿ ಇಳಿದು ಒಂದು ಮೂಲೆಗೆ ವಾಲುತ್ತದೆ. ಬೆಳಗ್ಗೆ ಎಳೆದ ಗೆರೆಗೆ ಮಧ್ಯಾಹ್ನ ಎಳೆದದ್ದು ಕೂಡುವುದಿಲ್ಲ. ಸ್ಕರ್ಟಿನ ಮೇಲಿನ ರೈಲನ್ನು (ಉದ್ದಕ್ಕೆ ಹೋಗುವ ಲೋಹದ ಪಟ್ಟಿ) ಆಧಾರವಾಗಿಟ್ಟುಕೊಂಡು, ಬಾಡಿಯಿಂದ ಬಾಡಿಗೇ ಅಳೆಯಿರಿ.

ಪೇಂಟೋ ವಿನೈಲೋ? ವರ್ಷದೊಳಗೆ ತೆಗೆಯುವುದಾದರೆ ವಿನೈಲ್ (ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆ), ಮುಂದಿನ ರೀಪೇಂಟ್‌ವರೆಗೆ ಉಳಿಯಬೇಕಾದರೆ ಪೇಂಟ್. ವಿನೈಲ್ ಹಾಕುವುದಾದರೆ ದ್ರವವಾಗಿ ಹರಡಿ ಒಣಗಿಸಿ ಮಾಡಿದ ಕಾಸ್ಟ್ ಫಿಲ್ಮೇ ಆಗಬೇಕು. ಉರುಳೆಗಳ ನಡುವೆ ಒತ್ತಿ ಮಾಡಿದ ಅಗ್ಗದ ಕ್ಯಾಲೆಂಡರ್ಡ್ ಫಿಲ್ಮ್ ಕುಗ್ಗಿ ಅಂಚಿನಲ್ಲಿ ಅಂಟಿನ ಗೆರೆ ಬಿಡುತ್ತದೆ. ರೋಲಿನ ಅಗಲ ಸಾಮಾನ್ಯವಾಗಿ 1.52 ಮೀಟರ್, ಆದ್ದರಿಂದ ಜೋಡಣೆ ಎಲ್ಲಿ ಬೀಳುತ್ತದೆ ಎಂದು ಮೊದಲೇ ನೋಡಿ ಅದನ್ನು ಪಟ್ಟಿಯ ಅಂಚಿಗೆ ಅಡಗಿಸಿ. ಬಸ್ಸಿನ ಮೇಲೆ ಬ್ಲೇಡ್ ಆಡಿಸಬೇಡಿ. ಪೇಂಟು ಸೀಳಿ, ಆ ಗೆರೆಯಗುಂಟ ತುಕ್ಕು ಹಿಡಿಯುತ್ತದೆ. ಒಳಗಿನ ದಾರ ಎಳೆದರೆ ಮೇಲಿನ ವಿನೈಲ್ ಕತ್ತರಿಸುವ ನೈಫ್‌ಲೆಸ್ ಟೇಪ್ ಇರುವುದೇ ಅದಕ್ಕೆ. ನಮ್ಮ ಕೆನೆಬಣ್ಣ ಯಾವ ಕ್ಯಾಟಲಾಗಿನಲ್ಲೂ ಇರಲಿಲ್ಲ, ಪ್ರಿಂಟ್ ಮಾಡಿದ ಕೆನೆಬಣ್ಣದಲ್ಲಿ ಹತ್ತಿರದಿಂದ ಚುಕ್ಕೆ ಕಾಣುತ್ತದೆ. ಹಾಗಾಗಿ ಮೈಗೆಲ್ಲ ಪೇಂಟ್, ಅಕ್ಷರಕ್ಕೆ ಮಾತ್ರ ವಿನೈಲ್.

ಲೆಕ್ಕ ಹೀಗಿದೆ. 11 ಮೀಟರಿನ ಸಿಂಗಲ್ ಡೆಕ್ಕರ್‌ನಲ್ಲಿ ಗಾಜು ಬಿಟ್ಟು ಬಣ್ಣ ಹೊಡೆಯುವ ಮೈ ಸುಮಾರು 75 ಚದರ ಮೀಟರ್, ಅದರಲ್ಲಿ ಕೆಂಪು 50, ಕೆನೆ 25. ಟೂ-ಕೆ ಪಾಲಿಯುರೆಥೇನ್ (ಹಾರ್ಡ್‌ನರ್ ಕಲಸಿ ಹೊಡೆಯುವ ಎರಡು ಭಾಗದ ಬಣ್ಣ) ಒಣಗಿದ ಮೇಲೆ 50 ಮೈಕ್ರಾನ್ ನಿಲ್ಲಬೇಕಾದರೆ, ಸ್ಪ್ರೇ ಗನ್ನಿನಿಂದ ಗಾಳಿಗೆ ಹೋಗುವ ಪಾಲು ಕಳೆದು, ಲೀಟರಿಗೆ 6 ಚದರ ಮೀಟರ್ ಹಿಡಿಯಿರಿ. ಕೆಂಪಿಗೆ ಕಲಸಿದ ಬಣ್ಣ 9 ಲೀಟರ್ ಬೇಕು: ಎರಡಕ್ಕೊಂದು ಹಾರ್ಡ್‌ನರ್, ಹತ್ತು ಪರ್ಸೆಂಟ್ ಥಿನ್ನರ್ ಅನುಪಾತದಲ್ಲಿ ಪೇಂಟ್ 5.5, ಹಾರ್ಡ್‌ನರ್ 2.7, ಥಿನ್ನರ್ 0.8 ಲೀಟರ್. ಕೆನೆಬಣ್ಣ ಅಡಿಯ ಬಣ್ಣವನ್ನು ಬೇಗ ಮುಚ್ಚುವುದಿಲ್ಲ, ಅದಕ್ಕೆ ಒಂದು ಕೈ ಹೆಚ್ಚು. ಡಬ್ಬದ ಮೇಲಿನ ಅನುಪಾತ ಬೇರೆ ಇದ್ದರೆ ಡಬ್ಬದ ಮಾತೇ ಕೊನೆ.

ಮೊದಲು ಸಿಲಿಕಾನ್ ರಿಮೂವರ್, ಉಜ್ಜುವುದು ಆಮೇಲೆ. ವರ್ಷಗಟ್ಟಲೆ ಜಾಹೀರಾತಿನ ಸ್ಟಿಕ್ಕರ್ ಹೊತ್ತ ಬಸ್ಸಿನಲ್ಲಿ ಇದು ತಿರುಗುಮುರುಗಾದರೆ, ಅಂಟು ಮತ್ತು ಪಾಲಿಶ್ ಉಜ್ಜಿದ ಗೀರುಗಳೊಳಗೆ ಇಳಿದು, ಬಣ್ಣ ಬಿದ್ದ ಕೂಡಲೇ ಮೀನಿನ ಕಣ್ಣಿನಂಥ ಕುಳಿ ಏಳುತ್ತದೆ. ಒಂದು ಬಟ್ಟೆಯಲ್ಲಿ ಹಚ್ಚಿ, ಒಣಗುವ ಮುಂಚೆ ಇನ್ನೊಂದರಲ್ಲಿ ಒರೆಸಬೇಕು. ಆಮೇಲೆ 320, 400ರ ಮರಳುಕಾಗದ. ಬರಿ ಅಲ್ಯುಮಿನಿಯಂ ಕಂಡಲ್ಲಿ ಅದೇ ದಿನ ಎಪಾಕ್ಸಿ ಪ್ರೈಮರ್. ಹೊಡೆಯುವಾಗ ಪ್ಯಾನೆಲ್ಲಿನ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿರಲಿ. ಟೂ-ಕೆ ಹಾರ್ಡ್‌ನರ್‌ನಲ್ಲಿ ಉಸಿರಿಗೆ ಅಪಾಯವಾದ ಐಸೋಸೈನೇಟ್ ಇದೆ, ಕಾರ್ಬನ್ ಮಾಸ್ಕ್ ಸಾಲದು. ಹೊರಗಿನಿಂದ ಗಾಳಿ ಬರುವ ಮುಖವಾಡ ಇಲ್ಲದವರು ಗನ್ ಮುಟ್ಟಬಾರದು, ಹವ್ಯಾಸಿಗಳಂತೂ ಮುಟ್ಟಲೇಬಾರದು. ಆ ಕೆಲಸ ಬೂತ್ ಇರುವ ಪೇಂಟ್ ಶಾಪಿನದು, ಮಾಸ್ಕಿಂಗ್‌ವರೆಗೆ ನಮ್ಮದು. ಎಲೆಕ್ಟ್ರಿಕ್ ಬಸ್ಸಾದರೆ ಓವನ್ನಿಗೆ ಹಾಕುವ ಮುಂಚೆ ಬ್ಯಾಟರಿ ತಡೆಯುವ ತಾಪ ಎಷ್ಟೆಂದು ತಯಾರಕರನ್ನು ಕೇಳಿ; 60 ಡಿಗ್ರಿಯ ಬೇಕಿಂಗ್ ಡೀಸೆಲ್ ಬಸ್ಸಿನ ಅಭ್ಯಾಸ.

ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕೆನೆ ಒಣಗಿದ ಮೇಲೆ 6 ಮಿ.ಮೀ. ಪಿವಿಸಿ ಫೈನ್‌ಲೈನ್ ಟೇಪ್ ಎಳೆದು, ಅದರ ಅಂಚಿಗೆ ಮತ್ತೊಮ್ಮೆ ಕೆನೆಬಣ್ಣದ್ದೇ ಒಂದು ತೆಳು ಕೈ. ಟೇಪಿನಡಿ ನುಸುಳುವುದಿದ್ದರೆ ಅದೇ ನುಸುಳಿ ಸಂದು ಮುಚ್ಚುತ್ತದೆ, ಮೇಲೆ ಬರುವ ಕೆಂಪು ಕತ್ತರಿಸಿದಂತೆ ನಿಲ್ಲುತ್ತದೆ. ಕೆಂಪು ಕೈಗಂಟದಷ್ಟು ಒಣಗಿ, ಗಟ್ಟಿಯಾಗುವ ಮುಂಚೆಯೇ ಟೇಪನ್ನು ಅದರ ಮೇಲೇ ಮಡಿಚಿ ಎಳೆಯಿರಿ. ರಾತ್ರಿ ಬಿಟ್ಟರೆ ಅಂಚು ಹಲ್ಲು ಹಲ್ಲಾಗಿ ಏಳುತ್ತದೆ.

ಅಕ್ಷರಕ್ಕೆ ಕಂಪ್ಯೂಟರಿನ ಫಾಂಟ್ ಹೊಂದುವುದಿಲ್ಲ. ಕೈಬರಹದ ಹೆಸರಿನಲ್ಲಿ ಒಂದೇ ಅಕ್ಷರ ಎರಡು ಕಡೆ ಎರಡು ಅಗಲದಲ್ಲಿರುತ್ತದೆ. ಹಲವು ಫೋಟೋ ಒಟ್ಟಿಗಿಟ್ಟು ಅಕ್ಷರ ಅಕ್ಷರವಾಗಿ ಬಿಡಿಸಬೇಕು. ನೆರಳು ಬ್ರಿಟಿಷ್ ರೂಢಿಯಲ್ಲಿ ಎಡಕ್ಕೂ ಕೆಳಕ್ಕೂ ಬೀಳುತ್ತದೆ. ಬಸ್ಸಿನ ಇನ್ನೊಂದು ಬದಿಗೆ ಫೈಲಿನಲ್ಲಿ ನೆರಳನ್ನು ಕನ್ನಡಿಯಂತೆ ತಿರುಗಿಸಿ ಕೊಟ್ಟರೆ ಅದು ಬಲಕ್ಕೆ ಹೋಗುತ್ತದೆ, ಬಲ್ಲವರು ಮೊದಲು ನೋಡುವುದೇ ಅದನ್ನು. ಚಿನ್ನದ ವಿನೈಲ್ ಓರೆ ನೋಟದಲ್ಲಿ ಕಂದಾಗುತ್ತದೆ, ಸುತ್ತ ಕಪ್ಪು ಅಂಚಿದ್ದರೆ ಓದಲು ಸಿಗುತ್ತದೆ. ಲಾಂಛನ ನಗರಾಡಳಿತದ್ದಾಗಿದ್ದರೆ ಕಂಪನಿಯ ಒಪ್ಪಿಗೆ ಸಾಲದು, ನಗರಾಡಳಿತದ್ದೂ ಬೇಕು.

ಮಾಸ್ಕಿಂಗ್‌ಗೆ ಮುಂಚೆ ಎಮರ್ಜೆನ್ಸಿ ಬಾಗಿಲು, ಇಂಧನ ಕಟ್-ಆಫ್, ಹೈ ವೋಲ್ಟೇಜ್ ಸ್ಟಿಕ್ಕರುಗಳೆಲ್ಲದರ ಫೋಟೋ ತೆಗೆದಿಟ್ಟು, ಮುಗಿದ ಮೇಲೆ ಒಂದೂ ಬಿಡದೆ ಹಚ್ಚಬೇಕು. ಬಂಪರಿನ ಹಿಂದೆ ಅಡ್ಡಿ ಗುರುತಿಸುವ ರಾಡಾರ್ ಇರುವ ಬಸ್ಸಿಗೆ ಬೆಳ್ಳಿ, ಚಿನ್ನದಂಥ ಮೆಟಾಲಿಕ್ ಬಣ್ಣ ಬೇಡ, ಅದರಲ್ಲಿನ ಲೋಹ ರಾಡಾರನ್ನು ಕುರುಡಾಗಿಸುತ್ತದೆ. ಹಳೆಯ ಸಣ್ಣ ಬೋರ್ಡಿನ ಆಸೆಯನ್ನೂ ಬಿಡಬೇಕು: ಬ್ರಿಟನ್ನಿನ ನಿಯಮದಲ್ಲಿ ಮುಂದಿನ ರೂಟ್ ನಂಬರ್ ಕನಿಷ್ಠ 200 ಮಿ.ಮೀ., ಊರಿನ ಹೆಸರು 125 ಮಿ.ಮೀ. ಎತ್ತರವಿರಬೇಕು. ನೋಂದಣಿ ಪತ್ರದಲ್ಲಿ ಬಣ್ಣ ಬದಲಾದದ್ದನ್ನೂ ಬರೆಸಬೇಕು.

ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಮುಂದಿನ ಮೂಲೆ ಮತ್ತು ಹಿಂದಿನ ಮೂಲೆ. ಆ ಪ್ಯಾನೆಲ್‌ಗಳ ಒಂದೊಂದು ಸ್ಪೇರ್ ಅನ್ನು ಬಸ್ಸಿನೊಂದಿಗೇ, ಅದೇ ಕಲಸಿನಲ್ಲಿ ಹೊಡೆಸಿ ಡಿಪೋದಲ್ಲಿ ಇಟ್ಟಿದ್ದೇವೆ. ಇಲ್ಲದಿದ್ದರೆ ಮೊದಲ ಡಿಕ್ಕಿಗೇ ಬಿಳಿ ಮೂಲೆ ಹಾಕಿಕೊಂಡು ಓಡುತ್ತದೆ. ಎರಡೂ ಬಣ್ಣದ ಕಲಸಿನ ಸೂತ್ರ, ಪಟ್ಟಿಯ ಎತ್ತರ, ಅಕ್ಷರದ ಫೈಲಿನ ಹೆಸರು, ಇಷ್ಟನ್ನೂ ಲ್ಯಾಮಿನೇಟ್ ಮಾಡಿ ಚಾಲಕನ ಕ್ಯಾಬಿನಿನ ಎಲೆಕ್ಟ್ರಿಕಲ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇವೆ. ಕಚೇರಿಯ ಕಡತ ಕಳೆದುಹೋದರೂ ಬಸ್ಸು ಇರುವಷ್ಟು ದಿನ ಆ ಹಾಳೆ ಅದರ ಜೊತೆಗೇ ಇರುತ್ತದೆ.