ಆಫೀಸಿನಲ್ಲಿ ಸರಿಯಾದ ಕುರ್ಚಿ ಕೇಳಿ ಪಡೆಯುವುದು ಹೇಗೆ?

ಮಧ್ಯಾಹ್ನ ಊಟ ಮುಗಿಸಿ ಬಂದು ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ಸ್ವೆಟರ್ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು ಹೇಗೋ ಸಂಜೆವರೆಗೆ ದಿನ ದೂಡುತ್ತೇವೆ ಅಲ್ವಾ? ನಾನೂ ಹಾಗೇ ದೂಡಿದವಳು. ಕೊನೆಗೆ ಎಚ್‌ಆರ್‌ಗೆ ‘ಬೆನ್ನು ನೋವು, ಬೇರೆ ಕುರ್ಚಿ ಕೊಡಿ’ ಎಂದು ಒಂದು ಸಾಲು ಬರೆದೆ. ಉತ್ತರವೇ ಬರಲಿಲ್ಲ. ಏನು ಬೇಕು, ಯಾಕೆ ಬೇಕು ಎಂದು ಬಿಡಿಸಿ, ಡಾಕ್ಟರ್ ಚೀಟಿ ಜೊತೆಗಿಟ್ಟು ಬರೆದ ಮೇಲೆ ಕುರ್ಚಿ ಬಂತು.

ಮೊದಲು ಈಗಿರುವ ಜಾಗವನ್ನೇ ನೋಡಿ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹಿಡಿಯುವಷ್ಟು ಜಾಗ ಇರಬೇಕು. ಟೈಪ್ ಮಾಡುವಾಗ ಭುಜ ಮೇಲೇಳಬಾರದು. ಪರದೆಯ ಮೇಲಂಚು ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕಿರಬೇಕು. ಗಿಡ್ಡಗಿರುವವರು ಮೇಜಿಗೆ ಸರಿಯಾಗಲಿ ಎಂದು ಕುರ್ಚಿ ಏರಿಸಿದರೆ ಕಾಲು ನೇತಾಡುತ್ತದೆ. ಅವರಿಗೆ ಬೇಕಿರುವುದು ಕಾಲಿಡುವ ಮಣೆ, ಹೊಸ ಕುರ್ಚಿಯಲ್ಲ. ಇಡೀ ದಿನ ಲ್ಯಾಪ್‌ಟಾಪ್‌ಗೆ ಬಗ್ಗಿ ಕತ್ತು ನೋಯುತ್ತಿದ್ದರೆ ಸ್ಟ್ಯಾಂಡ್, ಬೇರೆ ಕೀಬೋರ್ಡ್, ಮೌಸ್ ಕೇಳಿ. ಇವು ಕುರ್ಚಿಗಿಂತ ಬೇಗ ಮಂಜೂರಾಗುತ್ತವೆ.

ಆಮೇಲೆ ಮೂಳೆ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕಾಣಿ. ಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾಗುವುದು ಇದ್ದರೆ ಕುರ್ಚಿಗಾಗಿ ಕಾಯಲೇಬೇಡಿ, ಇವತ್ತೇ ಹೋಗಿ. ಚೀಟಿಯಲ್ಲಿ ಕಾಯಿಲೆಯ ಹೆಸರಷ್ಟೇ ಸಾಲದು. ‘ಸೊಂಟಕ್ಕೆ ಆಸರೆ ಇರುವ, ಎತ್ತರ ಮತ್ತು ಆರ್ಮ್‌ರೆಸ್ಟ್ ಹೊಂದಿಸಬಹುದಾದ ಕುರ್ಚಿ ಬೇಕು, ಆಗಾಗ ಎದ್ದು ಓಡಾಡಬೇಕು’ ಎಂದು ಬರೆಸಿಕೊಳ್ಳಿ. ಸ್ಕ್ಯಾನ್ ರಿಪೋರ್ಟನ್ನೆಲ್ಲ ಸುಮ್ನೆ ಕಳಿಸಬೇಡಿ. ಅದು ನಿಮ್ಮ ಖಾಸಗಿ ವಿಷಯ.

ಈಗ ಮೇಲ್. ಮ್ಯಾನೇಜರ್‌ಗೆ ಒಂದು ಮಾತು ಮೊದಲೇ ಹೇಳಿ, ನಂತರ ಅವರಿಗೇ ಬರೆದು ಎಚ್‌ಆರ್ ಮತ್ತು ಅಡ್ಮಿನ್ ಇಬ್ಬರನ್ನೂ ಸಿಸಿಯಲ್ಲಿ ಹಾಕಿ. ಹೀಗೆ ಬರೆಯಬಹುದು:

‘ಮೂರು ತಿಂಗಳಿಂದ ಸೊಂಟ ನೋವಿದೆ. ಒಂದು ಗಂಟೆಗಿಂತ ಜಾಸ್ತಿ ಕೂರಲು ಆಗುತ್ತಿಲ್ಲ. ಡಾಕ್ಟರ್ ಸಲಹೆಯ ಚೀಟಿ ಲಗತ್ತಿಸಿದ್ದೇನೆ. ಅದರಲ್ಲಿ ಹೇಳಿರುವಂಥ ಕುರ್ಚಿ ಒದಗಿಸಬೇಕೆಂದು ಕೋರುತ್ತೇನೆ. ಆಫೀಸಿನಲ್ಲೇ ಅಂಥದ್ದು ಇದ್ದರೆ ಎರಡು ವಾರ ಬಳಸಿ ನೋಡಲು ಸಿದ್ಧ. ಯಾವಾಗ ಸಿಗಬಹುದು ಎಂದು ದಯವಿಟ್ಟು ತಿಳಿಸಿ.’

ಕೊನೆಯ ಸಾಲನ್ನು ಬಿಡಬೇಡಿ. ದಿನಾಂಕ ಕೇಳದ ಮೇಲ್ ಹಾಗೇ ಕೆಳಗಿಳಿದು ಮರೆತುಹೋಗುತ್ತದೆ. ವಾರ ಕಳೆದರೂ ಸುದ್ದಿಯಿಲ್ಲ ಎಂದರೆ ಅದೇ ಮೇಲ್‌ಗೆ ಮತ್ತೆ ಬರೆಯಿರಿ. ಬಾಯಿಮಾತಲ್ಲಿ ‘ಆಗಲ್ಲ’ ಎಂದರೆ ಮೇಲ್‌ನಲ್ಲೇ ತಿಳಿಸಲು ಕೇಳಿ.

ಅಂಗವೈಕಲ್ಯ ಇರುವವರಿಗೆ ಕಾನೂನಿನ ಬೆಂಬಲವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಸಹಾಯಕ ಸಾಧನಗಳ ಏರ್ಪಾಡು ಕೂಡ ಅದರಲ್ಲಿರಬೇಕು. ಎಚ್‌ಆರ್ ಬಳಿ ಆ ನೀತಿಯ ಪ್ರತಿ ಕೇಳಿ. ಸಾಮಾನ್ಯ ಬೆನ್ನು ನೋವಿಗೆ ಈ ಕಾಯ್ದೆ ಬರುವುದಿಲ್ಲ. ಅಲ್ಲಿ ಡಾಕ್ಟರ್ ಚೀಟಿಯೇ ನಿಮ್ಮ ಬಲ.

ಕುರ್ಚಿ ಬಂದ ದಿನವೇ ಅಡ್ಮಿನ್‌ನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದು ಲಿವರನ್ನೂ ಎಳೆದು ನೋಡಿ, ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ಕುರ್ಚಿಯ ಬೆನ್ನಿಗೆ ನಿಮ್ಮ ಹೆಸರಿನ ಚೀಟಿ ಅಂಟಿಸಿ. ನಾನು ಅಂಟಿಸಿರಲಿಲ್ಲ. ಸೋಮವಾರ ಬಂದು ನೋಡಿದರೆ ನನ್ನ ಕುರ್ಚಿ ಮೀಟಿಂಗ್ ರೂಮಿನಲ್ಲಿತ್ತು.