ಬೇಲಿಯಿಂದ ಬೇಲಿಗೆ ಗಡಿಯಾರ: ಜಿಗಿತದ ರೇಸ್ ಅಳೆಯುವುದು ಹೇಗೆ?

ಕುಣಿಗಲ್ ಕುದುರೆ ಫಾರಂ ಇರುವ ಜಿಲ್ಲೆ ನಮ್ಮದು. ಟಿಪ್ಪು ಕಾಲದಿಂದಲೂ ಅಲ್ಲಿ ಕುದುರೆ ಸಾಕುತ್ತ ಬಂದಿದ್ದಾರೆ. ಆದರೆ ಅಲ್ಲಿ ಹುಟ್ಟಿದ ಕುದುರೆಗಳು ಬೆಂಗಳೂರಿಗೆ ಹೋಗಿ ಓಡುವುದು ಅಡ್ಡಿಯಿಲ್ಲದ ಟ್ರ್ಯಾಕ್‌ನಲ್ಲಿ. ಬೇಲಿ ಹಾರಿಸಿ ಓಡಿಸುವ ರೇಸ್ ನೋಡಬೇಕೆಂದರೆ ಇಂಗ್ಲೆಂಡ್, ಐರ್ಲೆಂಡ್, ಫ್ರಾನ್ಸ್ ಕಡೆಯೇ ಕಣ್ಣು ಹಾಯಿಸಬೇಕು. ಇಂಗ್ಲೆಂಡಿನಲ್ಲಿ ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್ ರೇಸ್ ಹಬ್ಬ, ಏಪ್ರಿಲ್‌ನಲ್ಲಿ 30 ಬೇಲಿಗಳ ಗ್ರ್ಯಾಂಡ್ ನ್ಯಾಷನಲ್ ರೇಸ್. ತುಮಕೂರಿನಲ್ಲಿ ಕೂತು ಇವನ್ನು ಮೊಬೈಲ್‌ನಲ್ಲಿ ನೋಡುವವರು, ಯಾವುದು ಗೆದ್ದಿತು ಎನ್ನುವುದರ ಜೊತೆಗೆ ಹೇಗೆ ಗೆದ್ದಿತು ಎಂದೂ ತಿಳಿಯಬೇಕಿದ್ದರೆ ಸೆಕ್ಷನಲ್ ಟೈಮಿಂಗ್, ಅಂದರೆ ಓಟವನ್ನು ತುಂಡು ಮಾಡಿ ಒಂದೊಂದು ತುಂಡಿನ ಸಮಯ ಅಳೆಯುವುದನ್ನು ಕಲಿಯಬೇಕು. ಬಾಜಿ ಕಟ್ಟುವ ವಿಚಾರ ಇಲ್ಲಿಲ್ಲ, ಅದು ಅವರವರಿಗೆ ಬಿಟ್ಟದ್ದು.

ತುಮಕೂರಿನಿಂದ ಮೆಜೆಸ್ಟಿಕ್‌ಗೆ ಹೊರಟ ಎರಡು ಬಸ್ಸುಗಳೂ ಎರಡು ಗಂಟೆ ತೆಗೆದುಕೊಂಡವು ಅನ್ನಿ. ಒಂದು ನೆಲಮಂಗಲದವರೆಗೆ ಭರ್ರನೆ ಬಂದು ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕಿಕೊಂಡಿತು. ಇನ್ನೊಂದು ದಾಬಸ್‌ಪೇಟೆಯಲ್ಲೇ ಕುಂಟುತ್ತಿತ್ತು, ಊರೊಳಗೆ ದಾರಿ ಖಾಲಿ ಸಿಕ್ಕಿತು. ಒಟ್ಟು ಸಮಯ ಒಂದೇ, ಪ್ರಯಾಣ ಬೇರೆ. ದಾರಿಯನ್ನು ತುಂಡು ಮಾಡಿ ಒಂದೊಂದು ತುಂಡಿಗೂ ಗಡಿಯಾರ ಹಿಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಬೆಂಗಳೂರು ರೇಸ್‌ಕೋರ್ಸ್‌ನ ಬೆಳಗಿನ ಟ್ರ್ಯಾಕ್ ವರ್ಕ್ ವರದಿಯಲ್ಲಿ ‘1000’, ‘600’ ಅಂತ ಬರುವ ಅಂಕಿಗಳ ಹಿಂದೆಯೂ ಇದೇ ಲೆಕ್ಕ.

ಗುರುತು ಎಲ್ಲಿಡಬೇಕು?

ಬೇಲಿಯೇ ಗುರುತು. ಅದು ಕಣ್ಣಿಗೆ ಕಾಣುತ್ತದೆ, ಒಂದೇ ದಿನದ ರೇಸ್‌ಗಳ ನಡುವೆ ಸಾಮಾನ್ಯವಾಗಿ ಜಾಗ ಬದಲಿಸುವುದಿಲ್ಲ. ಬಾವುಟ ಬಿದ್ದ ಕ್ಷಣದಿಂದ ಗಡಿಯಾರ ಓಡಿಸಬೇಡಿ. ಜಿಗಿತದ ರೇಸ್‌ಗೆ ಕುದುರೆಗಳನ್ನು ನಿಲ್ಲಿಸಿ ಒಟ್ಟಿಗೆ ಬಿಡುವ ಗೇಟುಗಳಿಲ್ಲ. ಕುದುರೆಗಳು ಟೇಪ್‌ನ ಹಿಂದೆ ಸುತ್ತಾಡಿ ಹೊರಡುತ್ತವೆ, ಒಂದೊಂದು ಸಲ ನಡೆದುಕೊಂಡೇ ಹೊರಡುತ್ತವೆ. ಆ ತಡ ಲೆಕ್ಕಕ್ಕೆ ಸೇರಿದರೆ ಎಲ್ಲ ಅಂಕಿಯೂ ಕೆಡುತ್ತದೆ. ಹಾಗಾಗಿ ವೇಗ ಅಳೆಯುವಾಗ ಮೊದಲ ಬೇಲಿ, ನಡುವಿನ ಒಂದು ಬೇಲಿ, ಕೊನೆಯಿಂದ ಮೂರನೆಯದು, ಕೊನೆಯದು, ಗೆಲುವಿನ ಗೆರೆ ಇಷ್ಟು ಸಾಕು. ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್‌ನ 22 ಬೇಲಿಗೂ ಸಮಯ ಬರೆಯಲು ಹೊರಟರೆ ಎಂಟನೆಯದಕ್ಕೇ ಬೇಸರ ಬರುತ್ತದೆ.

ವಿಡಿಯೊ ನಿಲ್ಲಿಸುವುದು

ನೇರ ಪ್ರಸಾರದಲ್ಲಿ ಸ್ಟಾಪ್‌ವಾಚ್ ಒತ್ತುವುದು ಅಭ್ಯಾಸಕ್ಕೆ ಸರಿ, ಲೆಕ್ಕಕ್ಕೆ ಆಗದು. ರೇಸ್ ಮುಗಿದ ಮೇಲೆ ಕಂಪ್ಯೂಟರ್‌ನಲ್ಲಿ ಹಾಕಿ. ಯೂಟ್ಯೂಬ್ ಆದರೆ ನಿಲ್ಲಿಸಿ, ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತುತ್ತ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗಬಹುದು. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದು ಫ್ರೇಮ್ ಎಂದರೆ 0.04 ಸೆಕೆಂಡು. ಜಿಗಿತದ ರೇಸ್‌ನಲ್ಲಿ ಒಂದು ಲೆಂಗ್ತ್, ಅಂದರೆ ಒಂದು ಕುದುರೆಯ ಉದ್ದ, ಸುಮಾರು 2.4 ಮೀಟರ್, ದಾಟಲು ಹೆಚ್ಚೂಕಡಿಮೆ 0.2 ಸೆಕೆಂಡು ಬೇಕು. ಅಂದರೆ ಐದು ಫ್ರೇಮ್. ಒಂದೆರಡು ಫ್ರೇಮ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಕ್ಯಾಮೆರಾ ಪಕ್ಕದಿಂದ ಹಿಡಿದಿದ್ದರೆ ಕುದುರೆಯ ಮೂಗು ಬೇಲಿಯ ಕಂಬ ದಾಟುವ ಫ್ರೇಮ್ ಹಿಡಿಯಿರಿ. ಎದುರಿನಿಂದ ಹಿಡಿದಿದ್ದರೆ ಮುಂಗಾಲು ನೆಲ ಮುಟ್ಟುವ ಫ್ರೇಮ್. ಒಂದೇ ಬೇಲಿಗೆ ಎರಡನ್ನೂ ಬೆರೆಸಬೇಡಿ.

ಲೆಕ್ಕ

ಊಹೆಯ ಒಂದು ಉದಾಹರಣೆ. ಒಂದೇ ದಿನ, ಒಂದೇ ಟ್ರ್ಯಾಕ್, ಎರಡು ರೇಸ್, ಎರಡೂ 2 ಮೈಲಿ, ಅಂದರೆ 16 ಫರ್ಲಾಂಗ್. ಲೆಕ್ಕ ಸುಲಭವಾಗಲಿ ಎಂದು ಎರಡೂ ಚುರುಕಾಗಿ ಹೊರಟವು ಅಂದುಕೊಳ್ಳೋಣ. ಮೊದಲನೆಯದರ ಸಮಯ 240 ಸೆಕೆಂಡು, ಕೊನೆಯ 3 ಫರ್ಲಾಂಗ್‌ಗೆ (ಕೊನೆಯಿಂದ ಮೂರನೇ ಬೇಲಿಯಿಂದ ಗೆರೆಯವರೆಗೆ ಅನ್ನಿ) 43.5. ಎರಡನೆಯದರ ಸಮಯ 234, ಕೊನೆಯ ಮೂರಕ್ಕೆ 45.

ಇಡೀ ರೇಸ್‌ನ ಸರಾಸರಿ ಫರ್ಲಾಂಗ್ ಸಮಯವನ್ನು ಕೊನೆಯ ಭಾಗದ ಸರಾಸರಿಯಿಂದ ಭಾಗಿಸಿ, 100ರಿಂದ ಗುಣಿಸಿ. ಮೊದಲನೆಯದರಲ್ಲಿ 15 ಭಾಗಿಸು 14.5, ಸುಮಾರು 103. ಎರಡನೆಯದರಲ್ಲಿ 14.625 ಭಾಗಿಸು 15, ಅಂದರೆ 97.5. ನೂರಕ್ಕಿಂತ ಹೆಚ್ಚು ಬಂದರೆ ಮೊದಲು ನಿಧಾನ, ಕೊನೆಗೆ ಓಟ. ಕಡಿಮೆ ಬಂದರೆ ಮೊದಲೇ ದಮ್ಮು ಖರ್ಚಾಗಿದೆ.

ಟಿವಿಯಲ್ಲಿ ಚೆಂದ ಕಾಣುವುದು ಮೊದಲ ರೇಸ್‌ನ ಗೆಲುವು, ಕೊನೆಯಲ್ಲಿ ಬಾಣದ ಹಾಗೆ ಬಂತು ಎನ್ನುತ್ತಾರೆ. ನನ್ನ ಕಣ್ಣು ಹೋಗುವುದು ಎರಡನೆಯದರಲ್ಲಿ ಮುಂದೆ ಓಡಿ ಕೊನೆಗೆ ಮೂರು, ನಾಲ್ಕನೇ ಸ್ಥಾನಕ್ಕೆ ಜಾರಿದ ಕುದುರೆಯ ಮೇಲೆ. ಮೂರು ಫರ್ಲಾಂಗ್ ಬಾಕಿ ಇದ್ದಾಗ ಆ ರೇಸ್ ಮೊದಲನೆಯದಕ್ಕಿಂತ 7.5 ಸೆಕೆಂಡು ಮುಂದಿತ್ತು. ಆ ವೇಗವನ್ನು ಮುಂದೆ ನಿಂತು ಎಳೆದದ್ದು ಈ ಕುದುರೆ. ಮುಂದಿನ ಸಲ ರೇಸ್‌ನ ವೇಗ ಸಾಧಾರಣವಾಗಿದ್ದರೆ ಅದರ ಆಟವೇ ಬೇರೆ ಇರಬಹುದು.

ಹಾಗೆಂದು ನೂರನ್ನೇ ಎಲ್ಲ ಕಡೆಗೂ ಅಳತೆಗೋಲು ಮಾಡಬಾರದು. ಚೆಲ್ಟನ್‌ಹ್ಯಾಮ್‌ನ ಕೊನೆ ಏರುದಾರಿ, ಅಲ್ಲಿ ಎಲ್ಲ ಕುದುರೆಗಳೂ ನಿಧಾನವಾಗುತ್ತವೆ. ಅದೇ ಟ್ರ್ಯಾಕ್‌ನ, ಅದೇ ದೂರದ ಹಲವು ರೇಸ್‌ಗಳನ್ನು ಲೆಕ್ಕ ಹಾಕಿ, ಅಲ್ಲಿ ಸಾಮಾನ್ಯವಾಗಿ ಎಷ್ಟು ಬರುತ್ತದೆ ಎಂದು ಮೊದಲು ಕಂಡುಕೊಳ್ಳಿ. ಮೂರೂವರೆ ಅಡಿಯ ಹರ್ಡಲ್ ರೇಸ್‌ನ ಅಂಕಿಯನ್ನು ನಾಲ್ಕೂವರೆ ಅಡಿ ಬೇಲಿಯ ಸ್ಟೀಪಲ್‌ಚೇಸ್ ಜೊತೆ ಇಟ್ಟು ನೋಡುವುದಂತೂ ಬೇಡವೇ ಬೇಡ.

ಜಿಗಿತದ ಸಮಯ

ಈ ರೇಸ್‌ಗಳ ರುಚಿ ಇರುವುದು ಇಲ್ಲಿ. ಎರಡು ಕುದುರೆಗಳ ಅಂತರವನ್ನು ಬೇಲಿಗೆ ಐದಾರು ಹೆಜ್ಜೆ ಇರುವಾಗ ಒಮ್ಮೆ, ಇಳಿದು ಐದಾರು ಹೆಜ್ಜೆ ಇಟ್ಟ ಮೇಲೆ ಇನ್ನೊಮ್ಮೆ ಎಣಿಸಿ. ಹಿಂದಿನ ಕುದುರೆ 12 ಫ್ರೇಮ್ ಹಿಂದಿದ್ದದ್ದು ಇಳಿದ ಮೇಲೆ 7ಕ್ಕೆ ಬಂದಿದ್ದರೆ, ಆ ಒಂದೇ ಬೇಲಿಯಲ್ಲಿ ಒಂದು ಲೆಂಗ್ತ್ ಗಳಿಸಿದೆ. ಕಾಲ ಬಲದಿಂದಲ್ಲ, ಜಿಗಿತದಿಂದ. ಬೇಲಿಗೆ ತೀರಾ ಹತ್ತಿರ ಹೋಗಿ ಗುಪ್ಪೆಂದು ಮೇಲೆದ್ದು ಇಳಿಯುವ ಕುದುರೆ ಪ್ರತಿ ಬೇಲಿಯಲ್ಲೂ ಹೀಗೆ ಕಳೆದುಕೊಳ್ಳುತ್ತ ಹೋಗುತ್ತದೆ. ಮತ್ತೆ ಸಮ ಬರಲು ಓಡಿದ ಓಟವೇ ಕೊನೆಗೆ ಅದರ ದಮ್ಮು ಕೆಡಿಸುವುದು.

ಇನ್ನೊಂದು ಮಾತು. ಬಿಸಿಲು ಇಳಿಮುಖವಾಗಿ ಕಣ್ಣಿಗೆ ಹೊಡೆಯುತ್ತಿದ್ದರೆ ಅಲ್ಲಿ ಕೆಲವು ಬೇಲಿಗಳನ್ನು ಬಿಟ್ಟು ಪಕ್ಕದಿಂದ ಓಡಿಸುತ್ತಾರೆ. ಆ ದಿನದ ಅಂಕಿಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ. ಗೆಲುವು ಖಚಿತವಾದ ಮೇಲೆ ಜಾಕಿ ಲಗಾಮು ಬಿಗಿಹಿಡಿದಿದ್ದರೆ, ಕೊನೆಯ ಸಮಯ ಅದರ ಪೂರ್ತಿ ವೇಗವನ್ನು ಹೇಳುವುದಿಲ್ಲ; ಆ ಕುದುರೆಯ ಹೆಸರಿನ ಮುಂದೆ ಒಂದು ನಕ್ಷತ್ರ ಹಾಕಿಡಿ.