ಬಾರ್ಕೂರು ಸೀಮೆಯ ದೊಡ್ಡ ಮನೆಗೆ ಸಿಮೆಂಟಿಲ್ಲದ ಸಾರಣೆ: ನನ್ನ ಅನುಭವ

ಉಡುಪಿ ಜಿಲ್ಲೆಯ ಮಳೆಗೆ ಸುಣ್ಣದ ಸಾರಣೆ (ಪ್ಲಾಸ್ಟರ್) ನಿಲ್ಲುವುದಿಲ್ಲ ಎಂದ ಮೇಸ್ತ್ರಿಗಳೂ ಎಂಜಿನಿಯರುಗಳೂ ಒಬ್ಬಿಬ್ಬರಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರ್ಕೂರಿನ ಸೀಮೆಯಲ್ಲಿ ನಾವು ಕಟ್ಟಿದ ಮನೆ ಈಗ ಕೆಲವು ಮಳೆಗಾಲ ದಾಟಿದೆ. ಸುಮಾರು 6,500 ಚದರಡಿ, ಎರಡು ಅಂತಸ್ತು, ನಡುವೆ ತೆರೆದ ಅಂಗಳ, ಮೇಲೆ ಸ್ಲ್ಯಾಬ್ ಇಲ್ಲದ ಹಂಚಿನ ಮಾಡು. ಹೊರಗೋಡೆಯನ್ನು ಎಲ್ಲಿ ತಟ್ಟಿದರೂ ಪೊಳ್ಳು ಸದ್ದಿಲ್ಲ, ಅಂದರೆ ಸಾರಣೆ ಕಲ್ಲು ಬಿಟ್ಟಿಲ್ಲ. ಈ ಕರಾವಳಿಯಲ್ಲಿ ಈಚೆಗೆ ಎದ್ದ ಬಂಗಲೆಗಳಲ್ಲಿ ಹಾಗೆ ಹೇಳಬಹುದಾದವು ಬೆರಳೆಣಿಕೆಯಷ್ಟು.

ನಮ್ಮ ಗೋಡೆಯ ಕೆಂಪುಕಲ್ಲು (ಲ್ಯಾಟರೈಟ್) ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಬಿಗಿ ಪದರ ಬಳಿದರೆ ಕುಡಿದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ಆ ನೀರಿನ ಉಪ್ಪು, ಸಾರಣೆಯ ಹಿಂದೆ ಕೂತು ಹರಳುಗಟ್ಟಿ ಒಳಗಿನಿಂದ ದೂಡುತ್ತದೆ. ಮೊದಲು ಬಣ್ಣ ಉಬ್ಬುತ್ತದೆ, ಆಮೇಲೆ ಹಾಳೆಹಾಳೆಯಾಗಿ ಬೀಳುತ್ತದೆ. ವಾಟರ್‌ಪ್ರೂಫ್ ಪೇಂಟ್ ಬಳಿದಷ್ಟೂ ರೋಗ ಹೆಚ್ಚು.

ಕಲ್ಲಿನ ವಿಷಯದಲ್ಲಿ ಜಿಪುಣತನ ಬೇಡ. ಕೋರೆಯಿಂದ ತಂದ ಕಲ್ಲನ್ನು ತಿಂಗಳೊಪ್ಪತ್ತು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಬಿಳಿ ಶೇಡಿ (ಜೇಡಿಮಣ್ಣು) ಹೆಚ್ಚಿರುವ ಕಲ್ಲನ್ನು ಹಿಂದಕ್ಕೆ ಕಳುಹಿಸಿ. ನಮ್ಮಲ್ಲಿ ನೂರಕ್ಕೆ ಹತ್ತು–ಹನ್ನೆರಡು ಹಾಗೆ ಹೋಯಿತು, ಅದನ್ನು ಖರ್ಚಿಗೆ ಮೊದಲೇ ಸೇರಿಸಿಕೊಂಡಿದ್ದೆವು. ಕೆಳಗೆ 15 ಇಂಚು, ಮೇಲೆ 9 ಇಂಚಿನ ಗೋಡೆ. ಕಟ್ಟಲು ಸಿಮೆಂಟ್ ಒಂದು, ಸುಣ್ಣ ಎರಡು, ಹೊಯ್ಗೆ (ಮರಳು) ಒಂಬತ್ತು. ಸಿಮೆಂಟ್ ಅಲ್ಲಿಗೆ ಮುಗಿಯಿತು, ಸಾರಣೆಗೆ ಒಂದು ಚಿಟಿಕೆಯೂ ಇಲ್ಲ.

ಸಾರಣೆಗೆ ಚಿಪ್ಪಿನ ಸುಣ್ಣ. ನೀರಲ್ಲಿ ಅರಳಿಸಿ, ಸೊಳ್ಳೆಪರದೆಯಷ್ಟು ಸಣ್ಣ ಜಾಲರಿಯಲ್ಲಿ ಸೋಸಿ, ಕನಿಷ್ಠ ಮೂರು ವಾರ ನೀರಿನಡಿ ಇಡಬೇಕು. ಅರಳದ ಹರಳು ಉಳಿದರೆ ತಿಂಗಳುಗಳ ಮೇಲೆ ಗೋಡೆಯಲ್ಲಿ ಅರಳಿ ಚಟ್ಟನೆ ಸಿಡಿಯುತ್ತದೆ. ಅಳಿವೆಯ ಹೊಯ್ಗೆ ಬೇಡವೇ ಬೇಡ, ತೊಳೆದರೂ ಉಪ್ಪು ಪೂರ್ತಿ ಹೋಗುವುದಿಲ್ಲ.

ಹಿತ್ತಿಲ ಗೋಡೆಯ ಮೇಲೆ ಬೇರೆ ಬೇರೆ ಹದದ ತುಂಡು ಬಳಿದು ಮಳೆಗೆ ಬಿಟ್ಟೆವು. ಒಂದಕ್ಕೆ ಮೂರರಂತೆ ಬರೀ ಸುಣ್ಣ–ಹೊಯ್ಗೆ ಹಾಕಿದ್ದು ಮೊದಲ ಮಳೆಗೇ ಕರಗಿ ಇಳಿಯಿತು, ಅಷ್ಟು ಬೇಗ ಅದು ಗಾಳಿಯಿಂದ ಗಟ್ಟಿಯಾಗಲಾರದು. ಒಂದಕ್ಕೆ ಒಂದು ಹಾಕಿದ್ದು ಬಲೆಬಲೆಯಾಗಿ ಬಿರಿಯಿತು. ಬೆಲ್ಲ ಹೆಚ್ಚಾದದ್ದು ವಾರಗಟ್ಟಲೆ ಮೆದುವಾಗಿಯೇ ಇತ್ತು, ಇರುವೆ ಬೇರೆ. ಗೆದ್ದದ್ದು ಹಂಚಿನ ಪುಡಿ ಸೇರಿಸಿದ್ದು: ಸುಣ್ಣ ಒಂದು, ಹೊಯ್ಗೆ ಎರಡು, ಪುಡಿ ಮುಕ್ಕಾಲು. ಮಳೆ ಬಡಿಯುವ ನೈಋತ್ಯದ ಗೋಡೆಗೆ ಪುಡಿ ಪೂರ್ತಿ ಒಂದು. ಪುಡಿಗೆ ಕಡಿಮೆ ಬೆಂದ, ಮಾಸಲು ಕೆಂಪಿನ ಹಂಚನ್ನೇ ಆರಿಸಬೇಕು. ಸುಟ್ಟು ಕರಿಗಟ್ಟಿದ್ದರ ಪುಡಿ ಬರೀ ಹೊಯ್ಗೆಗೆ ಸಮ. ಒಂದು ಚೀಲ ಸುಣ್ಣಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು. ಆ ನೀರಿಗೆ ಒಂದು ಮರದ ತೊಗಟೆಯೂ ಬೀಳುತ್ತದೆ. ಅದು ನಮ್ಮ ಹಿರಿಯ ಮೇಸ್ತ್ರಿಯವರ ಕೈಗುಟ್ಟು, ಇಲ್ಲಿ ಬರೆಯುವುದಿಲ್ಲ.

ಕೆಲಸ ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಯಬೇಕು. ಹಿಂದಿನ ದಿನ ಗೋಡೆಗೆ ನೀರು ಕುಡಿಸಿ. ಮೊದಲ ಪದರ ಅರ್ಧ ಇಂಚು, ಗೀರು ಹಾಕಿ ಬಿಡಿ. ಎರಡನೆಯದು ಕಾಲು ಇಂಚು, ಕೊನೆಯದು ಕೈಯಲ್ಲಿ ಉಜ್ಜಿ ನುಣುಪು ಮಾಡುವ ತೆಳು ಪದರ. ಪದರಗಳ ನಡುವೆ ಅವಸರ ಮಾಡಿದರೆ ಅಡಿಯದು ಹಸಿಯಾಗೇ ಉಳಿಯುತ್ತದೆ. ಒದ್ದೆ ಗೋಣಿ ಕಟ್ಟಿ ಎರಡು ವಾರ ತಂಪಿಡಬೇಕು. ಮಧ್ಯಾಹ್ನದ ಬಿಸಿಲು ನೇರ ಬಿದ್ದ ಕಡೆ ಮೇಲ್ಪದರ ಪುಡಿಯಾಗಿ ಕೈಗೆ ಬರುತ್ತದೆ.

ಖರ್ಚು: ಸಿಮೆಂಟ್ ಸಾರಣೆಗೆ ಚದರಡಿಗೆ 50 ರೂಪಾಯಿ ಆಸುಪಾಸು ಇದ್ದಾಗ ನಮಗೆ ಬಿದ್ದದ್ದು 110ರ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ. ಮನೆ ಕಟ್ಟಿಸುವವರು ಈ ಅಂತರ ನೋಡಿ ಹಿಂಜರಿಯುತ್ತಾರೆ. ಪುಟ್ಟಿ, ಪ್ರೈಮರ್, ಮೂರು ವರ್ಷಕ್ಕೊಮ್ಮೆ ಪೇಂಟ್ ಇವೆಲ್ಲದರ ಖರ್ಚು ಉಳಿಯುವ ಲೆಕ್ಕವನ್ನು ಕಾಗದದ ಮೇಲೆ ಬರೆದೇ ತೋರಿಸಿ.

ಚಾವಡಿಯ ಒಂದು ಗೋಡೆಯಲ್ಲಿ ಕಾವಿ ಕಲೆಯನ್ನೂ ಮಾಡಿ ನೋಡಿದೆವು. ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ಪದರ, ಅದು ಹಸಿಯಿರುವಾಗಲೇ ಕೊರೆದು ಬಿಳಿಯನ್ನು ಹೊರತೆಗೆಯಬೇಕು. ಒಂದೇ ದಿನದಲ್ಲಿ ಕೊರೆದು ಮುಗಿಸುವಷ್ಟೇ ಜಾಗಕ್ಕೆ ಬಳಿಯಿರಿ, ಒಣಗಿದರೆ ಅಂಚು ಚಕ್ಕೆ ಏಳುತ್ತದೆ. ಬಳ್ಳಿಯ ಚಿತ್ತಾರ ಚೆನ್ನಾಗಿ ಬಂತು. ಮಳೆ ತಾಗುವ ಗೋಡೆಗೆ ಹಾಕುವ ಧೈರ್ಯ ಇನ್ನೂ ಮಾಡಿಲ್ಲ.

ಸಾರಣೆ ಉಳಿಯುವುದು ಮಾಡಿನ ಕೆಳಗೆ. ಸೂರು ಮೂರಡಿ ಹೊರಗೆ ಬರಲಿ, ಪಡುವಣಕ್ಕೆ ಐದಡಿ ಜಗಲಿ ಇರಲಿ. ಹಂಚು ನೂರು ಚದರಡಿಗೆ ಸುಮಾರು 150 ಬೇಕು, ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಅಂತರ ಹನ್ನೆರಡೂವರೆ ಇಂಚಿನ ಹತ್ತಿರ. ಊರೂರಿನಲ್ಲಿ ತಯಾರಾದ ಹಂಚಿನ ಅಳತೆ ಕೊಂಚ ಬೇರೆ, ರೀಪು ಹೊಡೆಯುವ ಮೊದಲು ಕೈಯಲ್ಲಿರುವ ಹಂಚನ್ನೇ ಜೋಡಿಸಿ ಅಳೆಯಿರಿ. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹಂಚು ಮಾಡತೊಡಗಿದ ಮೇಲೆ ಬೆಳೆದ ಕಾರ್ಖಾನೆಗಳಲ್ಲಿ ಹಲವು ಈಗ ಬಾಗಿಲು ಹಾಕಿವೆ, ಹಾಗಾಗಿ ಕೆಡವಿದ ಮನೆಗಳ ಹಳೆ ಹಂಚನ್ನು ತಟ್ಟಿ ನೋಡಿ ಆರಿಸಿದೆವು. ಕಣ್ ಎಂದು ಸದ್ದು ಕೊಡದ್ದು ಬೇಡ. ಪಕ್ಕಾಸು (ಮಾಡಿನ ಇಳಿಜಾರು ತೊಲೆ) ಹಲಸಿನದು. ಅಗಲದ ಚಾವಡಿಗೆ ಕಬ್ಬಿಣ ಬೇಕಾಯಿತು; ಬೆಸುಗೆ ಮುಗಿಸಿ, ಆಮೇಲೆ ಇಡಿಯಾಗಿ ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಿಸಿ, ಮೇಲೆ ಬೋಲ್ಟ್ ಹಾಕಿಯೇ ಜೋಡಿಸಬೇಕು. ಜಾಗದಲ್ಲಿ ಬೆಸುಗೆ ಹಾಕಿದರೆ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಶುರು.

ಅಂಗಳದ ನೀರನ್ನು ಲೆಕ್ಕ ಹಾಕದೆ ಬಿಡುವವರೇ ಹೆಚ್ಚು. ಒಳಮುಖ ಮಾಡು ಮತ್ತು ಅಂಗಳ ಸೇರಿ 100 ಚದರ ಮೀಟರ್ ಇದ್ದರೆ, ಗಂಟೆಗೆ 100 ಮಿಲಿಮೀಟರ್ ಸುರಿದಾಗ 10,000 ಲೀಟರ್ ಇಳಿಯುತ್ತದೆ. ನಾಲ್ಕಿಂಚಿನ ಒಂದು ಪೈಪು ಹೇಗೋ ತಾಳಿಕೊಳ್ಳಬಹುದು, ಎಲೆ ಕಟ್ಟಿದರೆ ಚಾವಡಿಗೆ ನೀರು. ಎದುರು ಮೂಲೆಗಳಲ್ಲಿ ಎರಡು ಪೈಪು ಇಟ್ಟೆವು, ಎರಡೂ ಆರಿಂಚಿನವು, ನೂರಕ್ಕೆ ಒಂದರ ಇಳಿಜಾರು, ಬೇರೆ ಬೇರೆ ಗುಂಡಿಗೆ. ಚಾವಡಿಯ ನೆಲ ಅಂಗಳಕ್ಕಿಂತ ಒಂದೂಕಾಲು ಅಡಿ ಎತ್ತರ.